ಹೊಲದ ಲೆಕ್ಕ ಯಂತ್ರಕ್ಕೆ ಹೋದ ಮೇಲೆ

ಹಾಲಹರವಿಯ ಸುತ್ತಿನ ಎರೆಹೊಲಗಳಲ್ಲಿ ಹತ್ತಿ, ಜೋಳ, ಕಡಲೆ ಬೆಳೆಯುವ ನಮ್ಮ ರೈತರಿಗೆ ಬದುವಿನ ಕಲ್ಲು ಎಲ್ಲಿದೆಯೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಆ ಕಲ್ಲಿನೊಳಗಿನ ನೆಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಎಷ್ಟು ಸೆಂಟು ಎಂದು ಕೇಳಿದರೆ ಅನೇಕರು ಪೆಟ್ಟಿಗೆಯಲ್ಲಿಟ್ಟ ಹಳೆಯ ಪತ್ರವನ್ನು ತೋರಿಸುತ್ತಾರೆ. ಸರ್ಕಾರ ನೋಡುವುದು ಈಗ ಆ ಪತ್ರವನ್ನಲ್ಲ, ಗಣಕಯಂತ್ರದಲ್ಲಿರುವ ಲೆಕ್ಕವನ್ನು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಊರಿನ ಲೆಕ್ಕ 1984ರವರೆಗೆ ಕರಣಂ ಕೈಯಲ್ಲಿತ್ತು. ಆ ವರ್ಷ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. 2015ರಲ್ಲಿ ‘ಮೀಭೂಮಿ’ ಎಂಬ ಏರ್ಪಾಟಿನಿಂದ ಅಡಂಗಲ್ ಮತ್ತು 1-ಬಿ ಪತ್ರಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿಯೇ ನೋಡುವಂತಾಯಿತು. 2019ರ ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯಗಳು ತೆರೆದು, ಭೂಮಾಪಕ, ಬೇಸಾಯ ಸಹಾಯಕ, ಡಿಜಿಟಲ್ ಸಹಾಯಕ ಮೊದಲಾದವರು ಊರಿಗೇ ಬಂದರು. ಒಂದು ಅರ್ಜಿಗಾಗಿ ದಿನದ ಕೂಲಿ ಕಳೆದುಕೊಂಡು ಆಲೂರಿಗೆ ಅಲೆಯುತ್ತಿದ್ದವರಿಗೆ ಇದು ಸಣ್ಣ ಅನುಕೂಲವಲ್ಲ.

ಗಡಿಯಾಚೆಯ ನಂಟರಿಂದ ಕರ್ನಾಟಕದ ‘ಭೂಮಿ’ ಯೋಜನೆಯ ಹೆಸರನ್ನು ನೀವು ಕೇಳಿರಬಹುದು. 2000ದ ದಶಕದ ಆರಂಭದ ಹೊತ್ತಿಗೆ ಅಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗುವಂತಾಯಿತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಯೇ ಮೊದಲು ಎಂಬ ಕಟ್ಟಳೆಯನ್ನು ಯಂತ್ರದಲ್ಲಿಯೇ ಇಟ್ಟರು. ಯಂತ್ರಕ್ಕೆ ನಮ್ಮವರು, ಪರರು ಎಂಬ ಭೇದವಿಲ್ಲ. ಅದರ ದೊಡ್ಡ ಗುಣ ಇದು.

ಆದರೆ ಬಿತ್ತಿದಂತೆ ಬೆಳೆ ಎಂಬ ಮಾತು ಯಂತ್ರಕ್ಕೂ ಸಲ್ಲುತ್ತದೆ. ತಪ್ಪು ಬರೆದರೆ ಅದು ತಪ್ಪನ್ನೇ ಅಚ್ಚುಕಟ್ಟಾಗಿ ತೋರಿಸುತ್ತದೆ. ನಮ್ಮ ದಾಖಲೆಗಳು ತೆಲುಗಿನಲ್ಲಿವೆ. ಕನ್ನಡದ ‘ಹಾಲಹರವಿ’ಯೇ ಅಲ್ಲಿ ‘ಹಾಲಹರ್ವಿ’ಯಾಗಿದೆ. ಊರ ಹೆಸರಿನ ಗತಿ ಹೀಗಾದರೆ ಮನುಷ್ಯರ ಹೆಸರಿನ ಮಾತೇನು? ಭೂಮಿಯ ಲೆಕ್ಕದಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಪಿಎಂ ಕಿಸಾನ್ ಯೋಜನೆಯ ವರ್ಷದ 6000 ರೂಪಾಯಿ ಸಹ ನಡುದಾರಿಯಲ್ಲಿ ನಿಂತೀತು.

ಅಳತೆಯ ವಿಷಯವೂ ಹೀಗೆಯೇ. 66 ಅಡಿ ಉದ್ದದ ಸರಪಳಿ ಎಳೆದು ಅಳೆದ ಕಾಲ ಹೋಯಿತು. 2020ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಡ್ರೋನ್ ಹಾಗೂ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಯಂತ್ರಗಳಿಂದ ಮರುಭೂಮಾಪನ ಆರಂಭಿಸಿತು. ಅಳತೆ ಕೆಲವೇ ಅಂಗುಲಗಳಷ್ಟು ಕರಾರುವಾಕ್ಕು. ಆದರೂ ಅಳತೆ ಮುಗಿದ ಅನೇಕ ಊರುಗಳಲ್ಲಿ ವಿಸ್ತೀರ್ಣ ಕಡಿಮೆಯಾಯಿತೆಂದೂ, ಹಲವರ ಹೊಲಗಳು ಒಂದೇ ನಂಬರಿಗೆ ಸೇರಿಹೋದವೆಂದೂ ದೂರು ಬಂದವು. 2024ರ ಡಿಸೆಂಬರಿನಿಂದ ಊರೂರಿನಲ್ಲಿ ರೆವಿನ್ಯೂ ಸಭೆಗಳನ್ನು ನಡೆಸಿ ಅಹವಾಲು ಕೇಳಬೇಕಾಯಿತು. ಬದು ಯಾವುದು, ಅದು ಯಾರದು ಎಂದು ಹೇಳುವವನು ಹೊಲದ ಒಡೆಯನೇ ಹೊರತು ಆಕಾಶದಲ್ಲಿ ಹಾರುವ ಯಂತ್ರವಲ್ಲ.

ಆದುದರಿಂದ ರೈತರು ಈ ಕೆಲವು ಸಂಗತಿಗಳನ್ನು ಗಮನದಲ್ಲಿಡತಕ್ಕದ್ದು:

1. ವರ್ಷಕ್ಕೊಮ್ಮೆಯಾದರೂ ಅಡಂಗಲ್ ಮತ್ತು 1-ಬಿ ತೆಗೆಸಿ ಓದಿಸಿಕೊಳ್ಳಿರಿ. ತೆಲುಗು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಹೆಸರು, ನಂಬರು, ವಿಸ್ತೀರ್ಣ ಮೂರನ್ನೂ ಹಳೆಯ ಪತ್ರದೊಡನೆ ತಾಳೆ ನೋಡಿರಿ.

2. ತಂದೆ ತೀರಿಕೊಂಡ ಮೇಲೆ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ತಡಮಾಡಬೇಡಿರಿ.

3. ಅಳತೆಗೆ ನೋಟೀಸು ಬಂದ ದಿನ ನೆರೆಹೊಲದವರೊಡನೆ ಹೊಲದಲ್ಲಿಯೇ ಇರಿ. ಒಪ್ಪಿಗೆಯಾಗದಿದ್ದರೆ ರುಜು ಹಾಕುವ ಮೊದಲೇ ತಕರಾರನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆಯಿರಿ.

4. ಬಿತ್ತನೆಯಾದ ಮೇಲೆ ರೈತ ಸೇವಾ ಕೇಂದ್ರದಲ್ಲಿ ಬೆಳೆಯನ್ನು ಇ-ಕ್ರಾಪ್ ಲೆಕ್ಕಕ್ಕೆ ಬರೆಸಿರಿ. ಬೆಳೆನಷ್ಟದ ಪರಿಹಾರ, ವಿಮೆ, ಸರ್ಕಾರದ ಖರೀದಿ ಇವಕ್ಕೆಲ್ಲ ಅದೇ ಆಧಾರ. ಕಡಲೆ ಬಿತ್ತಿದವನ ಹೆಸರಿನ ಮುಂದೆ ಜೋಳವೆಂದಿದ್ದರೆ ನಷ್ಟ ಅವನದೇ. ಪಟ್ಟಿಯನ್ನು ತೂಗುಹಾಕಿದಾಗ ತಪ್ಪದೆ ನೋಡಿರಿ.

5. ಗುತ್ತಿಗೆಗೆ ಮಾಡುವವರು 2019ರ ಸಾಗುವಳಿದಾರರ ಹಕ್ಕಿನ ಶಾಸನದಂತೆ ಒಡೆಯರ ಒಪ್ಪಿಗೆ ಪಡೆದು 11 ತಿಂಗಳ ಕಾರ್ಡು ಮಾಡಿಸಿಕೊಳ್ಳುವುದು ಕ್ಷೇಮ.

ಕರಣಂ ಕಾಲದಲ್ಲಿ ಲೆಕ್ಕದ ಪುಸ್ತಕ ಅವರ ಮನೆಯ ಪೆಟ್ಟಿಗೆಯಲ್ಲಿತ್ತು. ನೋಡಬೇಕೆಂದರೂ ನೋಡುವುದು ಸುಲಭವಿರಲಿಲ್ಲ. ಈಗ ಆ ಪುಸ್ತಕ ಎಲ್ಲರ ಮುಂದೆ ತೆರೆದಿದೆ. ತೆರೆದಿಟ್ಟ ಪುಸ್ತಕವನ್ನು ಓದದೆ ಕುಳಿತರೆ ಆ ತಪ್ಪನ್ನು ಯಂತ್ರದ ಮೇಲೆ ಹೊರಿಸಲಾಗದು. ಹಿಂಗಾರು ಬಿತ್ತನೆಗೆ ಕೂರಿಗೆ ಹೂಡುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಸಚಿವಾಲಯಕ್ಕೆ ಹೋಗಿಬನ್ನಿರಿ.