ಮೆಗಾಪಿಕ್ಸೆಲ್ ಹೆಚ್ಚಾದರೆ ಫೋಟೋ ಚೆನ್ನಾಗುತ್ತದೆಯೇ?

ದ್ವಿತೀಯ ಪಿಯುಸಿ ತರಗತಿಯಲ್ಲಿ ಬೆಳಕಿನ ಪಾಠ ಶುರುವಾದ ಕೂಡಲೇ ನನಗೆ ಬರುವ ಪ್ರಶ್ನೆ ಪಾಠದ್ದಲ್ಲ, ಫೋನಿನದ್ದು. "ಸರ್, 50 ಮೆಗಾಪಿಕ್ಸೆಲ್ ತಗೊಳ್ಳುದಾ, 108 ತಗೊಳ್ಳುದಾ?" ಒಬ್ಬನ ಅಣ್ಣ ಗಲ್ಫಿನಿಂದ ರಜೆಗೆ ಬರುವವನಿರುತ್ತಾನೆ, ಇನ್ನೊಬ್ಬಳ ಮನೆಯಲ್ಲಿ ಪರೀಕ್ಷೆ ಮುಗಿದ ಮೇಲೆ ಫೋನ್ ಕೊಡಿಸುವ ಮಾತಾಗಿರುತ್ತದೆ. ಖರ್ಚಾಗುವುದು ಮನೆಯವರು ದುಡಿದ ಹಣ. ಆದ್ದರಿಂದ ಜಾಹೀರಾತನ್ನು ಬದಿಗಿಟ್ಟು ಲೆಕ್ಕ ಹಾಕಿ ನೋಡೋಣ.

ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ಸಾಲುಗಳು. ಒಂದು ಚುಕ್ಕಿ ಒಂದು ಪಿಕ್ಸೆಲ್. ಹತ್ತು ಲಕ್ಷ ಚುಕ್ಕಿ ಸೇರಿದರೆ ಒಂದು ಮೆಗಾಪಿಕ್ಸೆಲ್. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮರಾದಲ್ಲಿ ಉದ್ದಕ್ಕೆ 100, ಅಗಲಕ್ಕೆ 100, ಒಟ್ಟು 10,000 ಚುಕ್ಕಿಗಳಿದ್ದವು. ಅಂಥ ಕಾಲದಲ್ಲಿ ಸಂಖ್ಯೆ ಏರಿದಷ್ಟೂ ಚಿತ್ರ ಸ್ಪಷ್ಟವಾಗುತ್ತಿತ್ತು. ಈಗಲೂ ಹಾಗೆಯೇ?

ಕಾರ್ಕಳದ ಗೊಮ್ಮಟ ಪ್ರತಿಮೆಯನ್ನು ತೆಗೆದುಕೊಳ್ಳಿ. 1432ರಲ್ಲಿ ಪ್ರತಿಷ್ಠಾಪನೆಯಾದ ಇದರ ಎತ್ತರ 42 ಅಡಿ, ಅಂದರೆ ಸುಮಾರು 12,800 ಮಿಲಿಮೀಟರ್. ಫೋನನ್ನು ನೆಟ್ಟಗೆ ಹಿಡಿದು ಪ್ರತಿಮೆ ಪೂರ್ತಿ ತುಂಬುವಂತೆ 12 ಮೆಗಾಪಿಕ್ಸೆಲಿನ ಫೋಟೋ ತೆಗೆದರೆ ಎತ್ತರಕ್ಕೆ 4,000 ಚುಕ್ಕಿ. ಒಂದು ಚುಕ್ಕಿಗೆ ಕಲ್ಲಿನ 3.2 ಮಿಲಿಮೀಟರ್ ಬಂತು. 108 ಮೆಗಾಪಿಕ್ಸೆಲಿನಲ್ಲಿ ಎತ್ತರಕ್ಕೆ 12,000 ಚುಕ್ಕಿ. ಒಂದಕ್ಕೆ ಸುಮಾರು 1.1 ಮಿಲಿಮೀಟರ್. ಸಂಖ್ಯೆ ಒಂಬತ್ತು ಪಟ್ಟಾದರೂ ಸೂಕ್ಷ್ಮತೆ ಹೆಚ್ಚಿದ್ದು ಮೂರು ಪಟ್ಟು ಮಾತ್ರ. ಚುಕ್ಕಿಗಳು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುವುದೇ ಇದಕ್ಕೆ ಕಾರಣ.

ಆ ಮೂರು ಪಟ್ಟಾದರೂ ನಮ್ಮ ಕಣ್ಣಿಗೆ ಬೀಳುತ್ತದೆಯೇ? ಫುಲ್ ಎಚ್‌ಡಿ ಪರದೆಯಲ್ಲಿರುವುದು ಸುಮಾರು 2 ಮೆಗಾಪಿಕ್ಸೆಲ್. ಎ4 ಪುಟದ ತುಂಬ ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು 8.7 ಮೆಗಾಪಿಕ್ಸೆಲ್ ಸಾಕು. ಪರದೆಗೂ ಪುಟಕ್ಕೂ 12ರಲ್ಲೇ ಕೆಲಸ ಮುಗಿಯಿತು.

ಇನ್ನು ಬೆಳಕಿನ ವಿಷಯ. ಜೂನ್ ಮಳೆಯಲ್ಲಿ ಅಂಗಳದ ಒಂದು ಮೂಲೆಯಲ್ಲಿ 12 ಕೊಡಪಾನ ಇಡಿ. ಅಥವಾ ಅಷ್ಟೇ ಜಾಗದಲ್ಲಿ 108 ಲೋಟ ಇಡಿ. ಬೀಳುವ ಮಳೆ ಒಂದೇ, ಆದರೆ ಪ್ರತಿ ಲೋಟಕ್ಕೆ ಸಿಗುವುದು ಸ್ವಲ್ಪ. ಕ್ಯಾಮರಾದ ಸೆನ್ಸರ್ ಕೂಡ ಹೀಗೆಯೇ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಮುಸ್ಸಂಜೆ ಫೋಟೋ ತೆಗೆಯುವಾಗ ಪ್ರತಿ ಚುಕ್ಕಿಗೆ ಸಿಗುವ ಬೆಳಕು ಕಡಿಮೆಯಾಗಿ, ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುತ್ತದೆ. ಇದು ತಯಾರಕರಿಗೂ ಗೊತ್ತು. 2020ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್20 ಅಲ್ಟ್ರಾ 108 ಮೆಗಾಪಿಕ್ಸೆಲಿನದ್ದು. ಆದರೂ ಸಾಮಾನ್ಯವಾಗಿ ಅದು ಒಂಬತ್ತೊಂಬತ್ತು ಚುಕ್ಕಿಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲಿನ ಚಿತ್ರವನ್ನೇ ಕೊಡುತ್ತದೆ.

ವಿಜ್ಞಾನ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನೀವು ಓದುವ ವಿವರ್ತನೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಬೆಳಕಿನ ಒಂದು ಬಿಂದುವನ್ನು ಪುಟ್ಟ ತಟ್ಟೆಯಾಗಿ ಹರಡುತ್ತದೆ. ಎಫ್ 1.8 ಲೆನ್ಸಿನಲ್ಲಿ ಹಸಿರು ಬೆಳಕಿಗೆ ಈ ತಟ್ಟೆಯ ವ್ಯಾಸ ಸುಮಾರು 2.4 ಮೈಕ್ರಾನ್. ಆ ಫೋನಿನ ಒಂದು ಚುಕ್ಕಿಯ ಅಗಲ 0.8 ಮೈಕ್ರಾನ್. ಅಂದರೆ ಒಂದು ಬಿಂದು ಅಡ್ಡಕ್ಕೆ ಮೂರು ಚುಕ್ಕಿಗಳ ಮೇಲೆ ಚೆಲ್ಲುತ್ತದೆ. ಲೆನ್ಸ್ ಕೊಡದ ವಿವರವನ್ನು ಚುಕ್ಕಿ ಎಲ್ಲಿಂದ ತಂದೀತು?

ಹಾಗೆಂದು ಹೆಚ್ಚಿನ ಮೆಗಾಪಿಕ್ಸೆಲ್ ಪೂರ್ತಿ ವ್ಯರ್ಥವೆನ್ನಲಾರೆ. ಹಗಲಿನಲ್ಲಿ ಕಾಪು ಕಡಲ ಕಿನಾರೆಯಿಂದ ದೀಪಸ್ತಂಭದ ಫೋಟೋ ತೆಗೆದು, ಆಮೇಲೆ ಅದರ ನೆತ್ತಿಯ ಭಾಗವನ್ನಷ್ಟೇ ಕತ್ತರಿಸಿ ಬಳಸಬೇಕೆಂದರೆ ಹೆಚ್ಚು ಚುಕ್ಕಿಗಳು ನೆರವಾಗುತ್ತವೆ. ಹತ್ತಿರದಿಂದ ನೋಡುವ ದೊಡ್ಡ ಮುದ್ರಣಕ್ಕೂ ಬೇಕು. ದೂರದಿಂದ ನೋಡುವ ಫ್ಲೆಕ್ಸಿಗೆ ಬೇಕಿಲ್ಲ.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದು ಏನು? ಮೊದಲು ಸೆನ್ಸರಿನ ಗಾತ್ರ. ಮೇಲೆ ಹೇಳಿದ ಫೋನಿನ ಸೆನ್ಸರ್ ಸುಮಾರು 69 ಚದರ ಮಿಲಿಮೀಟರ್. ಫುಲ್ ಫ್ರೇಮ್ ಕ್ಯಾಮರಾದ್ದು 864. ಮದುವೆ ಮನೆಯಲ್ಲಿ 24 ಮೆಗಾಪಿಕ್ಸೆಲಿನ ಅಂಥ ಕ್ಯಾಮರಾ ನಿಮ್ಮ 108ರ ಫೋನನ್ನು ಮೀರಿಸುವುದು ಇದರಿಂದಲೇ. ಎರಡನೆಯದು ಲೆನ್ಸ್. ಮೂರನೆಯದು ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ. ಅಂಗಡಿಯಲ್ಲಿ ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಎರಡೂ ಫೋನುಗಳಿಂದ ಒಂದೇ ವಸ್ತುವಿನ ಫೋಟೋ ತೆಗೆದು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಕಡಿಮೆ ಬೆಲೆಯದ್ದೇ ಸಾಕು.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಫೋಟೋ ಕಳುಹಿಸುವವರಿಗೆ ಕೊನೆಯ ಮಾತು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ. 108 ಇದ್ದರೂ 12 ಇದ್ದರೂ ಗತಿ ಒಂದೇ. ದಯವಿಟ್ಟು ಡಾಕ್ಯುಮೆಂಟ್ ಆಗಿ ಕಳುಹಿಸಿ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.