ಹನಿ ರಕ್ತದಲ್ಲಿ ಕೋಟಿಗೊಂದು ಸುಳಿವು

ಒಂದು ಮಿಲಿಲೀಟರ್ ರಕ್ತಸಾರ. ಅದರಲ್ಲಿ ಆಲ್ಬುಮಿನ್ ಎಂಬ ಪ್ರೋಟೀನೊಂದೇ ಸುಮಾರು 40 ಮಿಲಿಗ್ರಾಂ. ಅದೇ ದ್ರವದಲ್ಲಿ ಪಿಎಸ್‌ಎ ಎಂಬ ಇನ್ನೊಂದು ಪ್ರೋಟೀನು 4 ನ್ಯಾನೊಗ್ರಾಂ ದಾಟಿತೆಂದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರಬಹುದೇ ಎಂಬ ಶಂಕೆ ವೈದ್ಯರಲ್ಲಿ ಮೂಡುತ್ತದೆ. ಕೋಟಿ ಪಾಲಿನ ನಡುವೆ ಒಂದೇ ಒಂದು ಪಾಲು! ಜಾತ್ರೆಯ ನೂಕುನುಗ್ಗಲಿನಂಥ ಈ ಸಮ್ಮರ್ದದಲ್ಲಿ ಆ ಒಂದನ್ನೇ ಹುಡುಕಿ, ಅದರ ಪ್ರಮಾಣವನ್ನು ವಿದ್ಯುತ್ ಪ್ರವಾಹವಾಗಿ ಅಳೆದು ತೋರಿಸುವ ಅದ್ಭುತವೇ ವಿದ್ಯುದ್ರಾಸಾಯನಿಕ ಬಯೋಸೆನ್ಸರ್.

ದೇಹದ್ರವಗಳಲ್ಲಿ ಕ್ಯಾನ್ಸರಿನ ಕುರುಹನ್ನು ಅರಸುವ ಸಾಹಸ ಇಂದು ನಿನ್ನೆಯದಲ್ಲ. 1845ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಅವರ ಬಳಿಗೆ ರೋಗಿಯೊಬ್ಬನ ಮೂತ್ರದ ಮಾದರಿ ಬಂತು. ಕಾಯಿಸಿದರೆ ಕರಗುವ, ಆರಿದರೆ ಮತ್ತೆ ಗಟ್ಟಿಯಾಗುವ ವಿಲಕ್ಷಣ ಪ್ರೋಟೀನು ಅದರಲ್ಲಿತ್ತು. ಮೂಳೆಮಜ್ಜೆಯ ಕ್ಯಾನ್ಸರಾದ ಮೈಲೋಮಾದ ಆ ಸೂಚಕಕ್ಕೆ ಇಂದಿಗೂ ಅವರದೇ ಹೆಸರು. ಆದರೆ ಜೈವಿಕ ವಸ್ತುವನ್ನು ವಿದ್ಯುತ್ತಿನಿಂದ ಅಳೆಯುವ ವಿದ್ಯೆ ಕೈಗೂಡಲು ಇನ್ನೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಲೆಕ್ಟ್ರೋಡಿಗೆ ಕಿಣ್ವವನ್ನು ಜೋಡಿಸಿ ಗ್ಲೂಕೋಸ್ ಅಳೆಯುವ ಮಾರ್ಗ ತೋರಿದರು. ನಮ್ಮ ಮನೆಗಳ ಗ್ಲೂಕೋಮೀಟರ್ ಆ ವಂಶದ್ದೇ.

ಕ್ಯಾನ್ಸರ್ ಸಂವೇದಕದ ರಚನೆ ಇನ್ನಷ್ಟು ಸೂಕ್ಷ್ಮ. ಚಿನ್ನದ ಅಥವಾ ಕಾರ್ಬನ್ನಿನ ಎಲೆಕ್ಟ್ರೋಡಿನ ಮೇಲೆ ನೆಲೆಗೊಳಿಸಿದ ಪ್ರತಿಕಾಯಗಳು ತಮ್ಮ ಗುರಿಯ ಪ್ರೋಟೀನನ್ನು ಆಯ್ದು ಹಿಡಿಯುತ್ತವೆ. ಕಿಣ್ವವನ್ನು ಹೊತ್ತ ಎರಡನೆಯ ಪ್ರತಿಕಾಯ ಬಂದು ಅದರ ಮೇಲೆ ಕೂರುತ್ತದೆ. ಆ ಕಿಣ್ವ ನಡೆಸುವ ಕ್ರಿಯೆಯಿಂದ ಎಲೆಕ್ಟ್ರಾನುಗಳು ಹರಿಯುತ್ತವೆ. ಸಿಕ್ಕ ಪ್ರೋಟೀನು ಹೆಚ್ಚಿದಷ್ಟೂ ಪ್ರವಾಹ ಹೆಚ್ಚು. ಚಿನ್ನದ ನ್ಯಾನೊಕಣಗಳು, ಗ್ರಾಫೀನ್ ಇತ್ಯಾದಿ ಈ ಕ್ಷೀಣ ಸಂಕೇತಕ್ಕೆ ಬಲ ತುಂಬುತ್ತವೆ.

ಹಾಗಿದ್ದೂ ಇದು ಗ್ಲೂಕೋಮೀಟರಿನಂತೆ ಮನೆಮಾತಾಗಿಲ್ಲವೇಕೆ? ರಕ್ತದಲ್ಲಿ ಗ್ಲೂಕೋಸ್ ಮಿಲಿಲೀಟರಿಗೆ ಸುಮಾರು 1 ಮಿಲಿಗ್ರಾಂ ಇರುತ್ತದೆ. ಪಿಎಸ್‌ಎಯ ಆ ಎಚ್ಚರಿಕೆಯ ಗೆರೆ ಅದರ ಎರಡೂವರೆ ಲಕ್ಷದಲ್ಲೊಂದು ಪಾಲು. ಸಾಲದ್ದಕ್ಕೆ ರಕ್ತದ ಇತರ ಪ್ರೋಟೀನುಗಳು ಎಲೆಕ್ಟ್ರೋಡಿಗೆ ಮೆತ್ತಿಕೊಂಡು ಸಂಕೇತವನ್ನು ಮಸುಕುಗೊಳಿಸುತ್ತವೆ. ಪ್ರಯೋಗಾಲಯದ ಶುದ್ಧ ದ್ರಾವಣದಲ್ಲಿ ಮೆರೆದ ಸಂವೇದಕ ನಿಜವಾದ ರಕ್ತದೆದುರು ಮುಗ್ಗರಿಸುವುದು ಇಲ್ಲಿಯೇ. ಇನ್ನು, ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದರೂ ಪಿಎಸ್‌ಎ ಏರುವುದರಿಂದ, ಕೊನೆಯ ತೀರ್ಮಾನ ಬಯಾಪ್ಸಿಯದೇ. ಆದ್ದರಿಂದ ಒಂದೇ ಪರೀಕ್ಷಾಪಟ್ಟಿಯಲ್ಲಿ ಹಲವು ಸೂಚಕಗಳನ್ನು ಒಟ್ಟಿಗೆ ಅಳೆಯುವತ್ತ, ಲಾಲಾರಸ ಮತ್ತು ಮೂತ್ರದತ್ತ ಸಂಶೋಧಕರ ಗಮನ ಹರಿದಿದೆ. ಹಲವು ಸೂಚಕಗಳನ್ನು ಒಂದೇ ಕೈಯಂತ್ರಕ್ಕೆ ಒಪ್ಪಿಸುವುದು ಕನಸೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಮತ್ತು ಸಂಗಡಿಗರು ಮಧುಮೇಹದ ಮಟ್ಟಿಗೆ ಅದನ್ನು ಸಾಧಿಸಿ, ಗ್ಲೂಕೋಸ್ ಜೊತೆಗೆ ಹಿಮೋಗ್ಲೋಬಿನ್, ಮೂತ್ರದ ಆಲ್ಬುಮಿನ್‌ಗಳನ್ನೂ ಅಳೆಯುವ ವಿದ್ಯುದ್ರಾಸಾಯನಿಕ ಯಂತ್ರವನ್ನು ರೂಪಿಸಿದ್ದಾರೆ.