ಅಟ್ಟದ ಮೇಲಿನ ರಕೂನ್

ಕಳೆದ ಬೇಸಗೆ ರಜೆಯಲ್ಲಿ ಮಿರಜದ ಅಕ್ಕನ ಮನೆಯಲ್ಲಿದ್ದೆ. ಒಂದು ಇರುಳು ಅಟ್ಟದಲ್ಲಿ ದಡಬಡ ಸದ್ದು. ಟಾರ್ಚ್ ಹಾಯಿಸಿದರೆ ಕಣ್ಣ ಸುತ್ತ ಕಪ್ಪು ಬಣ್ಣ, ಉದ್ದ ಬಾಲ. “ಮಾವಾ, ರಕೂನ್!” ಎಂದು ಅಳಿಯ ಕೂಗಿದ. ನೆರೆಯವರು ದೊಣ್ಣೆ ಹಿಡಿದು ಬಂದೇ ಬಿಟ್ಟರು.

ರಕೂನ್ ಅಮೆರಿಕ ಖಂಡದ ಪ್ರಾಣಿ; ನಮ್ಮ ಕಾಡುಗಳಲ್ಲಿ ಅದಿಲ್ಲ. ಅದರ ಬಾಲಕ್ಕೆ ಬಳೆ ತೊಡಿಸಿದಂತೆ ಪಟ್ಟೆಗಳಿರುತ್ತವೆ. ಇದರ ಬಾಲದಲ್ಲಿ ಪಟ್ಟೆಯಿರಲಿಲ್ಲ. ಬೆನ್ನುದ್ದಕ್ಕೂ ಮೂರು ಕಪ್ಪು ಗೆರೆ, ಮಗ್ಗುಲಲ್ಲಿ ಚುಕ್ಕೆ. ಮರಬೆಕ್ಕು! ನಮ್ಮೂರ ಮಲಯಾಳಿಗಳ ಮರಪಟ್ಟಿ. ಕನ್ನಡಕ್ಕೆ ಬೆಕ್ಕಾದದ್ದು ಮಲಯಾಳಕ್ಕೆ ನಾಯಿಯಾದದ್ದು ತಮಾಷೆಯೇ. ನಿಜಕ್ಕೂ ಅದು ಎರಡೂ ಅಲ್ಲ, ಪುನುಗಿನ ಬಳಗ. ಪುನುಗು ಬೆಕ್ಕಿನ ಬಾಲಕ್ಕೆ ಪಟ್ಟೆಗಳುಂಟು, ಆದರೆ ಅದು ಹೆಚ್ಚಾಗಿ ನೆಲದ ಮೇಲೆಯೇ ಓಡಾಡುವಂಥದು. ಹಿಮಾಲಯದ ಕೆಂಪು ಪಾಂಡಾವನ್ನು ಹಿಂದೆ ರಕೂನಿನ ಕುಟುಂಬಕ್ಕೆ ಸೇರಿಸುತ್ತಿದ್ದರು. ಈಗ ಅದಕ್ಕೆ ಬೇರೆಯೇ ಕುಟುಂಬ.

“ಉದಮಾಂಜರ” ಎಂದು ಮರಾಠಿಯಲ್ಲಿ ಹೇಳಿದೊಡನೆ ನೆರೆಯವರಿಗೆ ಗುರುತಾಯಿತು. ಹಣ್ಣು, ಇಲಿ ತಿಂದು ಬದುಕುವ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕೊಲ್ಲುವುದು ಅಪರಾಧವೆಂದೂ ತಿಳಿಸಿದೆ. ದೊಣ್ಣೆ ಕೆಳಗಿಳಿಯಿತು.

ಮರುದಿನ ಸಾಂಗ್ಲಿಯ ದಾರಿಯಲ್ಲಿ ಕಬ್ಬಿನ ಗದ್ದೆಯಿಂದ ಏನೋ ಜಿಗಿಯಿತು. “ಇದು ಪೈಕಾ ಇರಬಹುದೇ?” ಅಳಿಯನ ಮುಂದಿನ ಪ್ರಶ್ನೆ. ಪೈಕಾ ಮೊಲದ ದೂರದ ನೆಂಟ. ಹಿಮಾಲಯದ ಬಂಡೆಗಳ ನಡುವೆ ಇದ್ದು ಚಳಿಗಾಲಕ್ಕೆಂದು ಹುಲ್ಲು ಕೂಡಿಡುತ್ತದೆ. ಅದರ ಕಿವಿ ದುಂಡು, ಬಾಲ ಹೊರಗೆ ಕಾಣದು. ನಮ್ಮೆದುರು ಓಡಿದ್ದಕ್ಕೆ ಉದ್ದ ಕಿವಿ, ಕತ್ತಿನ ಹಿಂದೆ ಕಪ್ಪು ಮಚ್ಚೆ. ಬರೀ ಮೊಲ! ಹುಡುಗನಿಗೆ ನಿರಾಸೆ.

ಮೂರು ದಿನ ಕಳೆದು ಅಟ್ಟ ಖಾಲಿಯಾಯಿತು. ಭಾವ ಒಡೆದ ಹಂಚನ್ನು ಬದಲಾಯಿಸಿದರು.